ಮುಸ್ಸಂಜೆಯ ಓದು: ಕಾಸರಗೋಡಿನ ಮನೆಗಳಲ್ಲಿ ಮಕ್ಕಳು ಬೆಳೆದ ಬಗೆ

ಶಾಲೆಯೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಕಟ್ಟಡಗಳು, ಮುಖ್ಯೋಪಾಧ್ಯಾಯರು, ವ್ಯವಸ್ಥಾಪಕರು, ದಾಖಲಾತಿ ಪುಸ್ತಕಗಳು ಮೊದಲು ಕಣ್ಣಿಗೆ ಬೀಳುವುದು ಸಹಜ. ಅವನ್ನೆಲ್ಲ ಬರೆದಿಡಬೇಕಾದುದೂ ನ್ಯಾಯ. ಆದರೆ ಸಂಜೆಯ ಗಂಟೆ ಬಾರಿಸಿ ಮಕ್ಕಳು ಗದ್ದೆಯ ಹುಣಿಯಲ್ಲಿ, ಅಡಿಕೆ ತೋಟದ ಸಂಕದ ಮೇಲೆ ಮನೆಯ ಕಡೆಗೆ ನಡೆದ ಮೇಲೆ ಇನ್ನೊಂದು ಪಾಠ ಆರಂಭವಾಗುತ್ತಿತ್ತು. ಅದಕ್ಕೆ ಪಠ್ಯಕ್ರಮವಿರಲಿಲ್ಲ, ಪರೀಕ್ಷೆಯಿರಲಿಲ್ಲ. ದೇವರಲ್ಲಿ ಭಯಭಕ್ತಿ, ಹಿರಿಯರಲ್ಲಿ ಗೌರವ, ಮಾತಿನಲ್ಲಿ ಸತ್ಯ, ಅನ್ನದ ಬೆಲೆ, ದುಡಿಮೆಯ ಮರ್ಯಾದೆ ಇವೆಲ್ಲ ಮಕ್ಕಳಿಗೆ ದೊರೆತದ್ದು ಅಲ್ಲಿ. ಆ ಮನೆಯ ಪಾಠಕ್ಕೂ ನಮ್ಮ ಕನ್ನಡ ಶಾಲೆಗೂ ಇದ್ದ ನಂಟನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಏಕೆಂದರೆ ಆ ನಂಟು ಸಡಿಲವಾದರೆ ಶಾಲೆಯೂ ಮನೆಯೂ ಬೇರೆಬೇರೆಯಾಗಿ ಬಡವಾಗುತ್ತವೆ.

ನೂರು ವರ್ಷಗಳ ಹಿಂದೆ ನಮ್ಮ ಕಾಸರಗೋಡು ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತಾಲೂಕು. ಕಚೇರಿಯ ಕಾಗದ, ಭೂಮಿಯ ದಸ್ತಾವೇಜು, ಶಾಲೆಯ ಪಾಠ ಹೆಚ್ಚಾಗಿ ಕನ್ನಡದಲ್ಲಿದ್ದವು. ಆದರೆ ಮನೆಯೊಳಗಿನ ಮಾತು ಎಲ್ಲೆಡೆಯೂ ಕನ್ನಡವಾಗಿರಲಿಲ್ಲ. ಬಂಟ, ಬಿಲ್ಲವ ಮೊದಲಾದವರ ಮನೆಗಳಲ್ಲಿ ತುಳು, ಹವ್ಯಕರಲ್ಲಿ ಅವರದೇ ಆದ ಕನ್ನಡ, ಗೌಡ ಸಾರಸ್ವತರಲ್ಲಿಯೂ ಕ್ರೈಸ್ತರಲ್ಲಿಯೂ ಎರಡು ಬಗೆಯ ಕೊಂಕಣಿ, ಕರ್ಹಾಡರಲ್ಲಿ ಮರಾಠಿ, ಮುಸಲ್ಮಾನರಲ್ಲಿ ಮಲಯಾಳ ಅಥವಾ ಬ್ಯಾರಿ. ಈ ನಾಡನ್ನು ಸಪ್ತಭಾಷಾ ಸಂಗಮಭೂಮಿಯೆಂದು ಕರೆಯುವುದು ಇದಕ್ಕಾಗಿ. ಒಂದೇ ಮಗು ತಾಯಿಯೊಡನೆ ಒಂದು ಮಾತು, ಗದ್ದೆಯಲ್ಲಿ ಇನ್ನೊಂದು, ಪೇಟೆಯಲ್ಲಿ ಮತ್ತೊಂದು ಆಡುತ್ತಿತ್ತು. ಓದುಬರಹಕ್ಕೆ ಬಂದಾಗ ಮಾತ್ರ ಆ ಮಕ್ಕಳಲ್ಲಿ ಬಹುಮಂದಿ ಕನ್ನಡಕ್ಕೆ ಬರುತ್ತಿದ್ದರು. ಐಗಳ ಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದ ಕಾಲದಿಂದ ನಮ್ಮ ಶಾಲೆಯಂತಹ ಶಾಲೆಗಳು ಹುಟ್ಟಿದ ಕಾಲದವರೆಗೆ ಈ ವ್ಯವಸ್ಥೆ ಹಾಗೆಯೇ ನಡೆದುಬಂದಿತ್ತು.

ಇದರಿಂದ ಒಂದು ವಿಶೇಷ ಪರಿಣಾಮವಾಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಆಡುವ ಮಾತು ಯಾವುದೇ ಇರಲಿ, ಗಟ್ಟಿಯಾಗಿ ಓದುವ ಪುಸ್ತಕ ಕನ್ನಡದ್ದಾಯಿತು. ಅದನ್ನು ಓದುವವರು ಮನೆಯ ಮಕ್ಕಳಾದರು.

ಮುಸ್ಸಂಜೆಗೆ ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಮಕ್ಕಳು ಸಾಲಾಗಿ ಕುಳಿತು ಭಜನೆ ಹೇಳುವುದು ಆಗಿನ ಹಿಂದೂ ಮನೆಗಳ ನಿತ್ಯವಿಧಿ. ದಾಸರ ಪದಗಳು ಮುಗಿದ ಮೇಲೆ ಬಾಯಿಪಾಠ: ವಾರ, ತಿಥಿ, ಇಪ್ಪತ್ತೇಳು ನಕ್ಷತ್ರ, ಅರುವತ್ತು ಸಂವತ್ಸರ, ಅದರ ಬೆನ್ನಿಗೇ ಮಗ್ಗಿ. ದೇವರ ನಾಮವೂ ಎರಡೊಂದಲ ಎರಡೂ ಒಂದೇ ಚಾಪೆಯ ಮೇಲೆ, ಒಂದೇ ರಾಗದಲ್ಲಿ ನಡೆಯುತ್ತಿದ್ದವು. ಭಕ್ತಿಯನ್ನು ಒಂದು ಕೋಣೆಯಲ್ಲಿ, ವಿದ್ಯೆಯನ್ನು ಇನ್ನೊಂದು ಕೋಣೆಯಲ್ಲಿ ಇಡುವ ಪದ್ಧತಿ ನಮ್ಮ ಹಿರಿಯರಿಗೆ ತಿಳಿದಿರಲಿಲ್ಲ.

ಮಳೆಗಾಲ ಬಂದರೆ ಓದಿನ ಕಾಲವೂ ಬಂದಂತೆ. ಗದ್ದೆಯ ನಾಟಿ ಮುಗಿದು, ಆಟಿ ತಿಂಗಳ ಮಳೆ ಹಂಚಿನ ಮೇಲೆ, ಮುಳಿಹುಲ್ಲಿನ ಮೇಲೆ ಸುರಿಯುತ್ತಿರುವಾಗ ಜೈಮಿನಿ ಭಾರತ, ತೊರವೆ ರಾಮಾಯಣ, ಕುಮಾರವ್ಯಾಸನ ಭಾರತ ಹೊರಬರುತ್ತಿದ್ದವು. ಅದೇ ತಿಂಗಳಲ್ಲಿ ನೆರೆಯ ಮಲಯಾಳ ಮನೆಗಳಲ್ಲಿ ಎಳುತ್ತಚ್ಛನ್ನನ ಅಧ್ಯಾತ್ಮ ರಾಮಾಯಣದ ಪಾರಾಯಣ ನಡೆಯುತ್ತಿತ್ತು. ಅಕ್ಷರ ಕಲಿಯುವ ಅವಕಾಶವೇ ದೊರೆಯದಿದ್ದ ಅಜ್ಜಿಯರು ಆಗ ಬಹಳ ಮಂದಿ. ಕಥೆಯೆಲ್ಲ ಅವರಿಗೆ ಗೊತ್ತು, ಪುಸ್ತಕ ಮಾತ್ರ ಓದಲಾಗದು. ಶಾಲೆಗೆ ಹೋಗುವ ಮೊಮ್ಮಗನೋ ಮೊಮ್ಮಗಳೋ ತಡವರಿಸುತ್ತ ಓದುವುದು, ಅಜ್ಜಿ ಅದರ ಅರ್ಥ ಬಿಡಿಸಿ ಹೇಳುವುದು, ತಪ್ಪು ಓದಿದಲ್ಲಿ ಕಥೆಯ ನೆನಪಿನಿಂದಲೇ ತಿದ್ದುವುದು ಹೀಗೆ ನಡೆಯುತ್ತಿತ್ತು. ಅಕ್ಷರ ಮಗುವಿನದು, ಅರ್ಥ ಅಜ್ಜಿಯದು. ಹರಿಶ್ಚಂದ್ರನ ಸತ್ಯ, ಭರತನ ಭ್ರಾತೃಪ್ರೇಮ, ಕರ್ಣನ ದಾನ ಇವು ಉಪದೇಶವಾಗಿ ಬಂದಿದ್ದರೆ ಮಕ್ಕಳು ಎಷ್ಟು ಕೇಳುತ್ತಿದ್ದರೋ ಹೇಳಲಾರೆವು. ತಾವೇ ಓದಿ ಹಿರಿಯರಿಗೆ ಕೇಳಿಸಿದ ಕಥೆಯಾಗಿ ಬಂದುದರಿಂದ ಅವು ಉಳಿದವು. ಹಿರಿಯರಿಗೆ ತನ್ನಿಂದ ಒಂದು ಉಪಕಾರವಾಗುತ್ತಿದೆ ಎಂಬ ಅರಿವೇ ಮಗುವಿಗೆ ಮೊದಲ ಸಂಸ್ಕಾರವಾಗಿತ್ತು.

ಬೇರೆ ಮತಗಳ ಮನೆಗಳಲ್ಲಿಯೂ ಮುಸ್ಸಂಜೆಯ ಹೊತ್ತು ಹೀಗೆಯೇ ಮಕ್ಕಳ ಹೊತ್ತಾಗಿತ್ತು. ಬೇಳದ ಇಗರ್ಜಿ 1890ರಷ್ಟು ಹಳೆಯದು. ಅದರ ಸುತ್ತಿನ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಸಂಜೆ ಎಲ್ಲರೂ ಮೊಣಕಾಲೂರಿ ತೇರ್ಸ್ ಪ್ರಾರ್ಥನೆ ಹೇಳುತ್ತಾರೆ. ಅದು ಮುಗಿದೊಡನೆ ಮಕ್ಕಳು ಹಿರಿಯರ ಬಳಿಗೆ ಬಂದು ಕೈಮುಗಿದು ಬೆಸಾಂವ್, ಎಂದರೆ ಆಶೀರ್ವಾದ ಕೇಳುತ್ತಾರೆ. ಹಗಲು ಜಗಳವಾಡಿದ್ದರೂ ರಾತ್ರಿಯ ಊಟಕ್ಕೆ ಮೊದಲು ತಂದೆಯ ಮುಂದೆ ನಿಂತು ಆಶೀರ್ವಾದ ಬೇಡಲೇಬೇಕಾದ ಮನೆಯಲ್ಲಿ ಮುನಿಸು ಮರುದಿನಕ್ಕೆ ಉಳಿಯುವುದು ಕಷ್ಟ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಮಾತೆ ಮರಿಯಳಿಗೆ ಅರ್ಪಿಸಿ, ಹೊಸ ತೆನೆಯನ್ನು ಮನೆಗೆ ತರುವ ಕ್ರಮಕ್ಕೂ ನಮ್ಮ ಗದ್ದೆಯ ಮನೆಗಳಲ್ಲಿ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಕ್ರಮಕ್ಕೂ ಇರುವ ಸಾಮ್ಯವನ್ನು ಗಮನಿಸಬೇಕು. ಈ ಮನೆಗಳ ಪ್ರಾರ್ಥನೆ ಕೊಂಕಣಿಯಾದರೂ ಅದನ್ನು ಓದಿದ ಲಿಪಿ ಕನ್ನಡ. ಮಂಗಳೂರಿನಿಂದ 1938ರಲ್ಲಿ ಹೊರಡತೊಡಗಿದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಕೂಡ ಕನ್ನಡ ಲಿಪಿಯದೇ. ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರವೇ ಅವರ ಮನೆಯ ಭಕ್ತಿಗೂ ಒದಗಿತು.

ಮುಸಲ್ಮಾನರ ಮನೆಗಳ ಕಥೆ ಸ್ವಲ್ಪ ಬೇರೆ. ಮುಂಜಾನೆ ಮದರಸ, ಬಳಿಕ ಶಾಲೆ, ಮಗ್ರಿಬಿನ ನಮಾಜಿನ ನಂತರ ಮನೆಯಲ್ಲಿ ಕುರಾನ್ ಪಠಣ ಮತ್ತು ಮಾಲೆಪಾಟುಗಳು. ಕೋಳಿಕ್ಕೋಡಿನ ಖಾಜಿ ಮುಹಮ್ಮದರು 1607ರಲ್ಲಿ ರಚಿಸಿದ ಮೊಹ್ಯುದ್ದೀನ್ ಮಾಲೆಯನ್ನು ಉಮ್ಮ, ಅಜ್ಜಿಯರು ಬಾಯಿಪಾಠದಿಂದ ಹಾಡುತ್ತಿದ್ದರು. ಅದರ ಲಿಪಿ ಅರಬಿ, ನುಡಿ ಮಲಯಾಳ. ಅಲ್ಲಿ ಭಕ್ತಿಯ ಭಾಷೆ ಕನ್ನಡವಾಗಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೂ ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಎಷ್ಟೋ ಮುಸಲ್ಮಾನ ಮಕ್ಕಳು ಕನ್ನಡ ಶಾಲೆಗೆ ಬಂದರು. ಮನೆಯಲ್ಲಿ ಒಂದು ಭಾಷೆಯ ಶ್ರದ್ಧೆಯನ್ನೂ ಶಾಲೆಯಲ್ಲಿ ಇನ್ನೊಂದು ಭಾಷೆಯ ವಿದ್ಯೆಯನ್ನೂ ಒಟ್ಟಿಗೆ ಹೊತ್ತು ನಡೆಯುವುದು ಅವರಿಗೆ ಭಾರವಾಗಲಿಲ್ಲ.

ಇನ್ನು ತುಳುವರ ಮನೆಗಳಲ್ಲಿ ಪುಸ್ತಕಕ್ಕಿಂತ ಹಿರಿದಾದ ಪ್ರಮಾಣವೊಂದಿತ್ತು. ದೈವಗಳನ್ನು ತುಳುವರು ಸತ್ಯಗಳೆಂದೇ ಕರೆಯುತ್ತಾರೆ. ದೇವರಿಗೆ ಸತ್ಯವೆಂಬ ಹೆಸರಿಟ್ಟ ಮನೆಯಲ್ಲಿ ಸುಳ್ಳು ಹೇಳಬಾರದೆಂದು ಮಗುವಿಗೆ ಬೇರೆಯಾಗಿ ಕಲಿಸಬೇಕಾಗಿರಲಿಲ್ಲ. ನೇಮದ ದಿನ ಇಡೀ ಕುಟುಂಬ ಒಂದೆಡೆ ಸೇರಿ, ದೈವ ಒಬ್ಬೊಬ್ಬರನ್ನೂ ಹೆಸರಿಟ್ಟು ಕರೆದು ನುಡಿ ಕೊಡುವಾಗ, ಮನೆಯ ಯಜಮಾನನೂ ತಲೆಬಾಗಿ ಉತ್ತರ ಹೇಳಬೇಕಾಗಿತ್ತು. ಎಲ್ಲರಿಗೂ ಆಜ್ಞೆ ಮಾಡುವ ಸೋದರಮಾವನೂ ಒಂದು ಕಡೆ ಉತ್ತರ ಕೊಡಬೇಕಾದವನೇ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಿದ್ದರು. ಇಂದಿಗೂ ಸಾಲದ, ಗಡಿಯ, ಮಾತಿಗೆ ತಪ್ಪಿದ ತಕರಾರುಗಳನ್ನು ಕಾನತ್ತೂರಿನ ನಾಲ್ವರ್ ದೈವಗಳ ಸನ್ನಿಧಿಗೆ ಒಯ್ಯುವವರಿದ್ದಾರೆ. ಬರೆದ ಕಾಗದವಿಲ್ಲದೆ ಕೊಟ್ಟ ಮಾತಿನ ಮೇಲೆಯೇ ವ್ಯವಹಾರ ನಡೆಯುತ್ತಿದ್ದ ಕಾಲದಲ್ಲಿ ಈ ನಂಬಿಕೆ ಎಷ್ಟು ದೊಡ್ಡ ಆಧಾರವಾಗಿತ್ತೆಂದು ಊಹಿಸಬಹುದು.

ಹಬ್ಬ, ನೇಮಗಳು ವರ್ಷಕ್ಕೊಮ್ಮೆ. ದಿನದಿನದ ಸಂಸ್ಕಾರ ನಡೆಯುತ್ತಿದ್ದುದು ಇನ್ನೂ ಚಿಕ್ಕ ಸಂಗತಿಗಳಲ್ಲಿ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಬಟ್ಟಲಿನ ಗಂಜಿಯಲ್ಲಿ ಒಂದು ಅಗುಳೂ ಉಳಿಯದಂತೆ ಉಣ್ಣುವುದು. ಬಾಗಿಲಿಗೆ ಬಂದವರಿಗೆ ನೀರು ಬೆಲ್ಲ ಕೊಟ್ಟ ಬಳಿಕವೇ ಬಂದ ಕೆಲಸವನ್ನು ವಿಚಾರಿಸುವುದು. ಬಿಸುವಿನ ಮುಂಜಾನೆ ಕಣಿ ಕಂಡು ಹಿರಿಯರ ಕಾಲಿಗೆರಗುವುದು. ದೀಪಾವಳಿಯಲ್ಲಿ ಅಗಲಿದ ಹಿರಿಯರಿಗೆ ಎಡೆಯಿಟ್ಟು ಅವರ ಹೆಸರುಗಳನ್ನು ಕೇಳಿ ತಿಳಿಯುವುದು. ಇವುಗಳಲ್ಲಿ ಪ್ರತಿಯೊಂದರಲ್ಲಿಯೂ ಮಗುವಿಗೆ ಒಂದು ಕೆಲಸವಿತ್ತು: ನೀರು ತರುವುದು, ಬತ್ತಿ ಹೊಸೆಯುವುದು, ಹೂ ಕೊಯ್ಯುವುದು, ಕರುವನ್ನು ಕಟ್ಟುವುದು. ಮಕ್ಕಳು ನೋಡುತ್ತ ಕುಳಿತವರಲ್ಲ, ಮನೆಯನ್ನು ನಡೆಸುವುದರಲ್ಲಿ ಪಾಲುಗಾರರು. ಪೆರಡಾಲದ ತುಳು ಮನೆಯೊಂದರಲ್ಲಿ 1915ರಲ್ಲಿ ಹುಟ್ಟಿ, ಕನ್ನಡ ಕವಿಯೂ ಆದರ್ಶ ಅಧ್ಯಾಪಕರೂ ಆಗಿ ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂಬ ಹೆಸರಿಟ್ಟರು. ಕೃಷಿಯನ್ನೂ ಪಾಠವನ್ನೂ ಜೊತೆಜೊತೆಯಾಗಿ ನಡೆಸಿದ ಅವರ ಬಾಳು ಈ ನಾಡಿನ ಗೃಹಧರ್ಮದ ಸಾರದಂತಿದೆ.

ಭಕ್ತಿಯಿದ್ದಲ್ಲಿ ಪ್ರಶ್ನೆಗೆ ಎಡೆಯಿಲ್ಲ ಎಂಬ ಮಾತೊಂದಿದೆ. ನಮ್ಮ ನಾಡಿನ ಮಟ್ಟಿಗೆ ಅದು ಸಲ್ಲದು. ಕುಂಬಳೆಯ ಪಾರ್ತಿಸುಬ್ಬನಿಂದ ಬೆಳೆದುಬಂದ ತೆಂಕುತಿಟ್ಟಿನ ಯಕ್ಷಗಾನ ಇದಕ್ಕೆ ಸಾಕ್ಷಿ. ಬೇಶ ತಿಂಗಳ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ಮನೆಯ ಜಗಲಿಗಳಲ್ಲಿ ತಾಳಮದ್ದಳೆ ಕೂಡುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದಕ್ಕೆ ಅರ್ಥಧಾರಿಗಳು ಕುಳಿತಲ್ಲಿಯೇ ಮಾತು ಕಟ್ಟಬೇಕು. ವಾಲಿವಧೆಯ ಪ್ರಸಂಗದಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟುದು ಯಾವ ಧರ್ಮವೆಂದು ವಾಲಿ ರಾಮನನ್ನು ಕೇಳುತ್ತಾನೆ. ರಾಮನಾದವನು ಉತ್ತರಿಸಲೇಬೇಕು, ಆ ಉತ್ತರ ಸಭೆಗೆ ಒಪ್ಪಿಗೆಯಾಗಬೇಕು. ಅಜ್ಜನ ಮಡಿಲಲ್ಲಿ ಅರೆನಿದ್ದೆಯಲ್ಲಿದ್ದ ಮಕ್ಕಳು ಇದನ್ನೆಲ್ಲ ಕೇಳಿಯೇ ಬೆಳೆದರು. ಹಗಲು ದೀಪದ ಮುಂದೆ ಪೂಜೆಗೊಳ್ಳುವ ರಾಮನನ್ನೇ ರಾತ್ರಿ ಪ್ರಶ್ನೆಗೆ ಒಡ್ಡಬಹುದು, ಅದರಿಂದ ಭಕ್ತಿಗೆ ಕುಂದಿಲ್ಲ ಎಂಬ ಧೈರ್ಯ ಅವರಿಗೆ ಅಲ್ಲಿ ದೊರೆಯಿತು. ಕುಂಬಳೆ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂತಹ ಪಾತ್ರಗಳ ಅರ್ಥಕ್ಕೆ ಹೇಗೆ ಹೆಸರಾದರೋ ಹಾಗೆಯೇ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ ಮುಸಲ್ಮಾನ ವರ್ತಕ ಬಪ್ಪ ಬ್ಯಾರಿಯ ಪಾತ್ರಕ್ಕೂ ಹೆಸರಾದರು. ನೆರೆಯವನ ಮತದ ಬಗೆಗಿನ ಆದರ ನಮ್ಮ ಮಕ್ಕಳಿಗೆ ಇಂತಹ ದಾರಿಗಳಿಂದ ಬಂತು.

ಮಂಜೇಶ್ವರದ ಗೋವಿಂದ ಪೈಗಳನ್ನು (1883–1963) ಇಲ್ಲಿ ನೆನೆಯದಿರಲಾಗದು. ಕೊಂಕಣಿ ಮನೆಮಾತಿನ, ಗೌಡ ಸಾರಸ್ವತ ವೈಷ್ಣವ ಸಂಪ್ರದಾಯದ ಮನೆಯಲ್ಲಿ ಬೆಳೆದ ಅವರು ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ವನ್ನೂ ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಕನ್ನಡದಲ್ಲಿ ಬರೆದರು. ತನ್ನ ಮನೆಯ ದೀಪದಲ್ಲಿ ಗಟ್ಟಿಯಾದ ನಂಬಿಕೆಯುಳ್ಳವನು ಇನ್ನೊಬ್ಬರ ದೀಪವನ್ನು ಕಂಡು ಕಳವಳಪಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಿಂದಿನದೆಲ್ಲ ಹೊನ್ನೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಚರಿತ್ರೆ ಬರೆಯುವಾಗ ಮನೆ ಕಲಿಸಿದ ತಪ್ಪುಗಳನ್ನೂ ಬರೆಯಬೇಕು. ಮಧೂರಿನ ದೇವರ ಮೂರ್ತಿ ಮೊದಲು ಕಂಡುದು ಮದರು ಎಂಬ ದುಡಿಯುವ ಸಮುದಾಯದ ಹೆಂಗಸಿಗೆ, ಊರಿಗೆ ಹೆಸರು ಬಂದುದೂ ಅವಳಿಂದಲೇ ಎಂಬ ಐತಿಹ್ಯವನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಭಿಮಾನದಿಂದ ಹೇಳುತ್ತ ಬಂದಿದ್ದಾರೆ. ಆದರೆ ಆ ಕಥೆ ಹೇಳಿದ ಜಗಲಿಗೆ ದುಡಿಯುವ ಸಮುದಾಯಗಳ ಮಕ್ಕಳು ಹತ್ತುವಂತಿರಲಿಲ್ಲ. ದೇಗುಲಗಳ ಬಾಗಿಲು ಕಾನೂನಿನಂತೆ ಅವರಿಗೆ ತೆರೆದುದು 1947ರ ಮದರಾಸು ದೇವಾಲಯ ಪ್ರವೇಶ ಕಾಯಿದೆಯಿಂದ. ಯಾರನ್ನು ಮುಟ್ಟಬಾರದು, ಯಾರಿಗೆ ಅಂಗಳದಲ್ಲಿಯೇ ಅನ್ನ ಹಾಕಬೇಕು ಎಂಬುದನ್ನೂ ಮಕ್ಕಳು ಕಲಿತದ್ದು ಮನೆಯಲ್ಲಿಯೇ, ಧರ್ಮದ ಹೆಸರಿನಲ್ಲಿಯೇ. ಅದನ್ನು ತಿದ್ದುವ ಕೆಲಸ ಶಾಲೆಯ ಪಾಲಿಗೆ ಬಂತು. ಒಂದೇ ಬೆಂಚು, ಒಂದೇ ಹಾಜರಿ ಪಟ್ಟಿ, ಒಂದೇ ನೀರಿನ ಕೊಡ ಎಂಬ ಮೂರು ಸಂಗತಿಗಳು ಯಾವ ಭಾಷಣಕ್ಕಿಂತಲೂ ದೊಡ್ಡ ಕೆಲಸ ಮಾಡಿದವು. ಶಾಲೆಯಿಂದ ಮರಳಿದ ಮಗು ಮನೆಯಲ್ಲಿ ಕೇಳಿದ ಪ್ರಶ್ನೆಗೆ ಎಷ್ಟೋ ಹಿರಿಯರಲ್ಲಿ ಉತ್ತರವಿರಲಿಲ್ಲ.

ಹೆಣ್ಣುಮಕ್ಕಳ ಕಥೆಯೂ ಇಂತಹುದೇ. ಕಾಸರಗೋಡಿನ ಮಲಯಾಳ ಮನೆಮಾತಿನ ಮುಸ್ಲಿಂ ಕುಟುಂಬದಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಓದಿದರು. ಅವರ ಸಮುದಾಯದ ಹೆಣ್ಣುಮಕ್ಕಳು ಪ್ರೌಢಶಾಲೆ ಮುಟ್ಟುವುದೇ ಅಪರೂಪವಾಗಿದ್ದ ದಿನಗಳವು. ಆ ಓದಿನ ಬಲದಿಂದ ಅವರು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಬರೆದು, ಧರ್ಮದ ಹೆಸರಿನಲ್ಲಿ ಹೆಣ್ಣಿಗಾಗುವ ಅನ್ಯಾಯವನ್ನು ಕನ್ನಡನಾಡಿನ ಮುಂದಿಟ್ಟರು. ಮೌಲ್ಯವೆಂದರೆ ವಿಧೇಯತೆ ಮಾತ್ರವಲ್ಲ. ತನ್ನ ಮನೆಯವರ ಕಡೆಗೇ ತಿರುಗಿ ನ್ಯಾಯ ಕೇಳುವುದೂ ಒಂದು ಮೌಲ್ಯ. ಅದಕ್ಕೆ ಬೇಕಾದ ಮಾತನ್ನು ಅವರಿಗೆ ಕೊಟ್ಟುದು ಕನ್ನಡ ಶಾಲೆ ಎಂಬುದು ನಮ್ಮೆಲ್ಲರ ಹೆಮ್ಮೆ.

ಇಪ್ಪತ್ತನೆಯ ಶತಮಾನದ ನಡುವಿನಿಂದ ಮನೆಗಳು ಬದಲಾಗತೊಡಗಿದವು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕೂಡುಕುಟುಂಬದ ಆಸ್ತಿಯ ವಿಭಾಗಕ್ಕೆ ದಾರಿ ಮಾಡಿತು. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದು, ಗೇಣಿಗೆ ದುಡಿಯುತ್ತಿದ್ದವರು ಭೂಮಿಯ ಒಡೆಯರಾದರು. ಇದು ನ್ಯಾಯವೇ, ಎಷ್ಟೋ ಮನೆಗಳ ಮಕ್ಕಳು ಹೊಟ್ಟೆತುಂಬ ಉಂಡು ಶಾಲೆಗೆ ಬಂದುದು ಆ ಬಳಿಕ. ಜೊತೆಗೇ ದೊಡ್ಡ ಮನೆಗಳು ಒಡೆದು ಚಿಕ್ಕವಾದವು. ತಂದೆ ಗಲ್ಫಿಗೆ ಹೋದ ಮನೆಗಳಲ್ಲಿ ತಾಯಿಯೊಬ್ಬಳೇ ಎಲ್ಲವನ್ನೂ ಹೊತ್ತಳು. ಅಜ್ಜಿ ಒಂದು ಮನೆಯಲ್ಲಿ, ಮೊಮ್ಮಕ್ಕಳು ಇನ್ನೊಂದು ಮನೆಯಲ್ಲಿ ಆದ ಮೇಲೆ ಮುಸ್ಸಂಜೆಯ ಓದಿಗೆ ಕೇಳುವವರು ಕಡಿಮೆಯಾದರು.

ಈ ನಡುವೆ 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತರಚನೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವನ್ನೂ ಹೋರಾಟವನ್ನೂ ಇಲ್ಲಿ ವಿಸ್ತರಿಸುವುದಿಲ್ಲ. ಅದೇ ವರ್ಷ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ಆ ಆಸರೆಯಿಂದ ನಾವು ಶಾಲೆಗಾಗಿ ಕೇಳಬಹುದು, ಅಧ್ಯಾಪಕರಿಗಾಗಿ ಕೇಳಬಹುದು, ಪಠ್ಯಪುಸ್ತಕಕ್ಕಾಗಿ ಕೇಳಬಹುದು. ಮುಸ್ಸಂಜೆಗೆ ನಮ್ಮ ಮನೆಯಲ್ಲಿ ಯಾವ ಪುಸ್ತಕ ತೆರೆಯಬೇಕೆಂದು ಹೇಳುವ ವಿಧಿ ಮಾತ್ರ ಯಾವ ಸಂವಿಧಾನದಲ್ಲಿಯೂ ಇಲ್ಲ. ಅದು ನಮ್ಮ ಕೈಯಲ್ಲಿಯೇ ಇರುವುದು.

ಇಂದು ಕನ್ನಡ ಶಾಲೆಯ ಅಂಗಳದ ಮುಂದೆಯೇ ಇಂಗ್ಲಿಷ್ ಮಾಧ್ಯಮದ ವಾಹನಗಳು ಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ಹಾಗೆ ಕಳುಹಿಸುವ ತಂದೆತಾಯಿಗಳನ್ನು ನಾವು ದೂರುವುದಿಲ್ಲ. ಮಕ್ಕಳ ಮುಂದಿನ ಹೊಟ್ಟೆಪಾಡಿನ ಚಿಂತೆ ಅವರಿಗಿದೆ, ಅವರಲ್ಲಿ ನಮ್ಮ ಶಾಲೆಯ ಹಳೆವಿದ್ಯಾರ್ಥಿಗಳೂ ಇದ್ದಾರೆ. ಆದರೆ ಒಂದು ಸಂಗತಿಯನ್ನು ಅವರ ಮುಂದಿಡುವುದು ನಮ್ಮ ಕರ್ತವ್ಯ. ಕನ್ನಡ ಓದಲು ಬಾರದ ಮಗು ಭಜನೆಯ ಪುಸ್ತಕವನ್ನು ಮುಟ್ಟುವುದಿಲ್ಲ. ಕನ್ನಡ ಲಿಪಿಯ ಕೊಂಕಣಿ ಪ್ರಾರ್ಥನೆಯನ್ನು ಓದಲಾರದು. ತಾಳಮದ್ದಳೆಯ ಅರ್ಥ ಅದಕ್ಕೆ ಎಟಕುವುದಿಲ್ಲ. ಅಜ್ಜ ಬರೆದಿಟ್ಟ ಕಾಗದ ಅದರ ಪಾಲಿಗೆ ಬರಿಯ ಗೀಟುಗಳು. ಶಾಲೆ ಬದಲಾಯಿಸುವಾಗ ನಾವು ಬೋಧನಾ ಮಾಧ್ಯಮವನ್ನು ಮಾತ್ರ ಬದಲಾಯಿಸುತ್ತಿದ್ದೇವೆಂದು ತಿಳಿಯುತ್ತೇವೆ. ಮನೆಯ ಹಿರಿಯರಿಗೂ ಮಗುವಿಗೂ ನಡುವೆ ಇದ್ದ ಪುಸ್ತಕವನ್ನೇ ತೆಗೆದಿಟ್ಟೆವು ಎಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯುತ್ತದೆ. ಸಂಸ್ಕಾರ ತರಗತಿಗಳೂ ಬೇಸಗೆ ಶಿಬಿರಗಳೂ ಒಳ್ಳೆಯವೇ. ದಿನವೂ ಕಾಲು ಗಂಟೆ ಹಿರಿಯರ ಪಕ್ಕದಲ್ಲಿ ಕುಳಿತು ಓದುವುದಕ್ಕೆ ಅವು ಸಾಟಿಯಾಗಲಾರವು.

ಮಕ್ಕಳು ಯಾವ ಶಾಲೆಗೇ ಹೋಗಲಿ, ಯಾವ ದೇವರನ್ನೇ ನೆನೆಯಲಿ, ಮನೆಯಲ್ಲಿ ದೀಪವೋ ಮೇಣದಬತ್ತಿಯೋ ಬೆಳಗುವ ಹೊತ್ತಿಗೆ ಒಂದು ಪುಟವನ್ನು ಗಟ್ಟಿಯಾಗಿ ಓದಲಿ. ಅಜ್ಜಿ ಹತ್ತಿರದಲ್ಲಿಲ್ಲದಿದ್ದರೆ ದೂರವಾಣಿಯಲ್ಲಿಯೇ ಕೇಳಲಿ. ತಂದೆ ದುಬಾಯಿಯಲ್ಲಿದ್ದರೆ ಅಲ್ಲಿಂದಲೇ ಕೇಳಲಿ. ಓದಿದ್ದರಲ್ಲಿ ಸಂದೇಹ ಬಂದರೆ ಮಗು ಕೇಳಲಿ. ಉತ್ತರ ತಿಳಿಯದಿದ್ದರೆ ಹಿರಿಯರು ತಿಳಿಯದೆಂದೇ ಹೇಳಲಿ, ಅದೂ ಸತ್ಯದ ಪಾಠವೇ. ಅಕ್ಷರ ಕಲಿಸುವ ಹೊಣೆಯನ್ನು ನಮ್ಮ ಶಾಲೆ ನೂರು ವರ್ಷ ಹೊತ್ತಿದೆ, ಮುಂದೆಯೂ ಹೊರಲು ಸಿದ್ಧವಾಗಿದೆ. ಆ ಅಕ್ಷರಗಳನ್ನು ಓದಿಸಿ ಕೇಳುವ ಹೊಣೆ ನಮ್ಮ ನಮ್ಮ ಮನೆಗಳದು.